ಕಾರಿನ ತಲೆಗೊಂದು ಸಿಂಬೆ

ನನಗೆ ಈಚೆಗೆ ಒಂದು ಚಾಳಿ ಅಂಟಿಕೊಂಡಿದೆ. ರಸ್ತೆಯಲ್ಲಿ ಯಾವ ಕಾರು ಹೋದರೂ ಮೊದಲು ಅದರ ನೆತ್ತಿ ನೋಡುತ್ತೇನೆ. ಯಾವ ಕಂಪನಿಯದು, ಯಾರು ಓಡಿಸುತ್ತಿದ್ದಾರೆ, ಒಳಗೆ ಯಾರು ಕೂತಿದ್ದಾರೆ, ಅದೆಲ್ಲ ಆಮೇಲಿನ ಮಾತು. ತಲೆ ಬೋಳಾಗಿದ್ದರೆ ‘ಅಯ್ಯೋ ಪಾಪ’ ಅನ್ನಿಸುತ್ತದೆ. ತಲೆಯ ಮೇಲೆ ಉದ್ದನೆಯ ಪೆಟ್ಟಿಗೆಯೊಂದು ಕೂತಿದ್ದರೆ ಎದೆ ಢವಢವ ಅನ್ನುತ್ತದೆ. ಮದುವೆ ಮನೆಯಲ್ಲಿ ಪಕ್ಕದವಳ ಕತ್ತಿನ ಸರ ನೋಡುವ ಹಾಗೆ ಅದನ್ನು ನೋಡುತ್ತೇನೆ. ಉದ್ದ ಎಷ್ಟಿರಬಹುದು, ಬೀಗ ಯಾವ ಕಡೆ, ಮುಚ್ಚಳ ಒಂದೇ ಪಕ್ಕಕ್ಕೆ ತೆರೆಯುತ್ತದೋ ಎರಡೂ ಪಕ್ಕಕ್ಕೋ? ಹೀಗೆ ನೋಡುತ್ತ ನೋಡುತ್ತ ಒಂದು ದಿನ ಯಾರದೋ ಬ್ಲೌಸಿಗೆ ಎರಡೂ ಎಡ ತೋಳು ಕೂಡಿಸಿ ಇಟ್ಟಿದ್ದೆ.

ಹೌದು, ನಾನು ಟೈಲರು. ಹುಣಸೂರಿನಲ್ಲಿ ಹೆದ್ದಾರಿಯ ಬದಿಗೆ ನನ್ನದೊಂದು ಪುಟ್ಟ ಅಂಗಡಿ. ಮಿಷನ್ನು ಇಟ್ಟಿರುವುದೇ ಬಾಗಿಲಿಗೆ ಮುಖ ಮಾಡಿ. ಶನಿವಾರ ಬಂತೆಂದರೆ ಕೊಡಗಿನ ಕಡೆ ಹೋಗುವ ಕಾರುಗಳು ಸಾಲುಗಟ್ಟಿ ಬರುತ್ತವೆ. ಅವುಗಳಲ್ಲಿ ಕೆಲವು ನುಣ್ಣನೆಯ ಪೆಟ್ಟಿಗೆ ಹೊತ್ತಿರುತ್ತವೆ. ಎಷ್ಟೋ ಕಾಲದಿಂದ ನೋಡಿದ್ದೆ, ಅದೇನೆಂದು ಕೇಳಿರಲಿಲ್ಲ. ಶ್ರೀಮಂತರ ಕಾರಿಗೆ ಎರಡನೇ ಏಸಿ ಇರಬೇಕು ಎಂದುಕೊಂಡಿದ್ದೆ. ನಗಬೇಡಿ, ಗೊತ್ತಿಲ್ಲದ ವಸ್ತುವಿಗೆಲ್ಲ ನಾವು ಹೀಗೇ ಒಂದು ಕೆಲಸ ಕೊಟ್ಟು ನೆಮ್ಮದಿಯಾಗಿರುತ್ತೇವೆ.

ಒಂದು ಶನಿವಾರ ಅಂಥ ಕಾರೊಂದು ನನ್ನ ಅಂಗಡಿಯ ಮುಂದೆಯೇ ನಿಂತಿತು. ಇಳಿದು ಬಂದ ಹೆಣ್ಣುಮಗಳ ಚೂಡಿದಾರದ ಹೊಲಿಗೆ ಕಂಕುಳಲ್ಲಿ ಬಿಚ್ಚಿಕೊಂಡಿತ್ತು. ನಾನು ಅದನ್ನು ಹೊಲಿಯುತ್ತಿದ್ದಾಗ ಆಕೆಯ ಗಂಡ ಕಾರಿನ ಬಾಗಿಲ ಅಂಚಿನ ಮೇಲೆ ಕಾಲಿಟ್ಟು ನಿಂತು ಪೆಟ್ಟಿಗೆಯ ಮುಚ್ಚಳ ಎತ್ತಿದ. ಅಬ್ಬಾ! ಒಳಗೆ ದಿಂಬು, ಚಾಪೆ, ಬಟ್ಟೆಯ ಚೀಲಗಳು, ಮಗುವಿನ ಸೈಕಲ್ಲು, ಮಡಿಚುವ ಕುರ್ಚಿ. ಒಂದು ಸಂಸಾರವೇ ಅಟ್ಟದ ಮೇಲಿತ್ತು. ನನ್ನ ಕಣ್ಣು ಮೇಲಿನಿಂದ ಕೆಳಗಿಳಿಯಿತು. ಕಾರಿನ ಒಳಗೆ ಒಂದು ಚೀಲವೂ ಇಲ್ಲ. ಹಿಂದಿನ ಸೀಟಿನ ಕಿಟಕಿಯ ಪಕ್ಕ ಒಬ್ಬ ಅಜ್ಜಿ ಚಕ್ಕಳಮಕ್ಕಳ ಹಾಕಿ ರಾಣಿಯ ಹಾಗೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಆ ಅಜ್ಜಿಯನ್ನು ನೋಡಿದ ತಕ್ಷಣ ನನಗೆ ನಮ್ಮ ಅತ್ತೆಯ ಮೊಣಕಾಲು ನೆನಪಾಯಿತು.

ಆ ಮೊಣಕಾಲಿನ ವಿಷಯ ಹೇಳಬೇಕಾದರೆ ಮೊದಲು ನಮ್ಮ ಕಾರಿನ ವಿಷಯ ಹೇಳಬೇಕು. ನಮ್ಮದು ಐದು ಸೀಟಿನ ಸಣ್ಣ ಕಾರು. ಮನೆಯಲ್ಲೂ ಐದೇ ಜನ: ನಾನು, ನಮ್ಮವರು, ಮಗಳು ಸಿಂಚನ, ಮಗ ಚಿರು, ಮತ್ತೆ ನಮ್ಮ ಅತ್ತೆ ಚೆನ್ನಮ್ಮ. ಲೆಕ್ಕ ಸರಿಯಾಗಿದೆ ಅಲ್ಲವೇ? ಆದರೆ ಪ್ರವಾಸ ಅಂತ ಹೊರಟಾಗ ನಾವು ಆರು ಜನ. ಆರನೆಯವರು ಲಗೇಜು. ಡಿಕ್ಕಿಯಲ್ಲಿ ಹಾಕಬಹುದಲ್ಲ ಎನ್ನುತ್ತೀರಿ. ಪೆಟ್ರೋಲಿನ ರೇಟು ಏರಿದ ಕಾಲದಲ್ಲಿ ನಮ್ಮವರು ಕಾರಿಗೆ ಗ್ಯಾಸ್ ಕಿಟ್ ಹಾಕಿಸಿಬಿಟ್ಟರು. ಅಂದಿನಿಂದ ಡಿಕ್ಕಿಯಲ್ಲಿ ಸಿಲಿಂಡರು ಗರ್ಭಿಣಿಯ ಹಾಗೆ ಮಲಗಿದೆ. ಅದರ ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ ಇಟ್ಟರೆ ಹೆಚ್ಚು.

ನಮ್ಮವರಿಗೆ ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ರೈತರ ಜೊತೆ ಮಾತಾಡಿ ಮಾತಾಡಿ ಅವರಿಗೆ ಒಂದು ನಂಬಿಕೆ ಬಂದಿದೆ: ಒಂದು ಹೊತ್ತು ಮುದ್ದೆ ತಪ್ಪಿದರೆ ಸ್ಟೇರಿಂಗ್ ತಿರುಗಿಸುವ ಶಕ್ತಿ ಬರುವುದಿಲ್ಲ. ಆದ್ದರಿಂದ ಊಟಿಗೆ ಹೋಗಲಿ, ಕಡಲಿಗೆ ಹೋಗಲಿ, ರಾಗಿ ಹಿಟ್ಟು, ಹುರುಳಿ ಬಸ್ಸಾರಿನ ಖಾರ, ಸಣ್ಣ ಒಲೆ, ಪಾತ್ರೆ, ಮುದ್ದೆ ತಿರುವುವ ಕೋಲು ಎಲ್ಲವೂ ನಮ್ಮೊಡನೆ ಹೊರಡಬೇಕು. ಬಟ್ಟೆ ಮಡಚಬಹುದು, ಚಾಪೆ ಸುತ್ತಬಹುದು. ಮುದ್ದೆ ಕೋಲನ್ನು ಏನು ಮಾಡುತ್ತೀರಿ? ಅದು ಯಾವ ಸೂಟ್‌ಕೇಸಿಗೂ ತಲೆ ಬಾಗಿಸುವುದಿಲ್ಲ. ಹಿಂದಿನ ಸೀಟಿನ ಮೇಲೆ ಅಡ್ಡ ಮಲಗುತ್ತದೆ. ಅದರ ಮೇಲೆ ಪಾತ್ರೆ, ಪಾತ್ರೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಸಿಂಚನಳ ಮೇಕಪ್ ಚೀಲ. ಕಿಟಕಿಯ ಪಕ್ಕದ ಒಂದು ಸೀಟು ಹೀಗೆ ಮಾಯವಾಗುತ್ತದೆ.

ಅಷ್ಟು ಹೊತ್ತಿಗೆ ಅತ್ತೆಗೆ ಮೊಣಕಾಲು ನೋವು ಶುರುವಾಗುತ್ತದೆ. “ಮಂಡಿ ಎತ್ಕಂಡದೆ ಕಣವ್ವ, ನೀವ್ ಓಗ್ಬನ್ನಿ, ನಾನ್ ದನ ನೋಡ್ಕತೀನಿ” ಎನ್ನುತ್ತಾರೆ. ನಾನು ಇದನ್ನು ಬಹಳ ಸಲ ನಂಬಿದೆ, ಮುಲಾಮು ಕೂಡ ತಂದುಕೊಟ್ಟೆ. ಆದರೆ ಆ ನೋವಿನ ನಡವಳಿಕೆ ವಿಚಿತ್ರ. ಸಾಮಾನು ಜಗಲಿಗೆ ಬಂದಾಗ ಅದು ಬರುತ್ತದೆ. ನಮ್ಮ ಕಾರು ಬೀದಿಯ ತಿರುವು ದಾಟಿದ ಮೇಲೆ ಹೋಗುತ್ತದೆ. ನಾವು ಹಿಂದಿರುಗಿದಾಗ ಪಕ್ಕದ ಮನೆಯವರು, “ನಿಮ್ಮತ್ತೆ ಕೆರೆ ಏರಿ ಮ್ಯಾಲೆ ಸೊಪ್ ಕುಯ್ಯಕ್ ಓಗಿದ್ರು, ನಾವೇ ಹಿಂದೆ ಬಿದ್ವಿ” ಎಂದು ವರದಿ ಕೊಡುತ್ತಾರೆ.

ಇನ್ನೊಂದು ಮಾತು. ನಾವು ಪ್ರವಾಸ ಮುಗಿಸಿ ಬಂದ ಮೇಲೆ ಅತ್ತೆ ಮೊಮ್ಮಗಳನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ತೆಗೆದ ವಿಡಿಯೊಗಳನ್ನೆಲ್ಲ ನೋಡುತ್ತಾರೆ. ಒಂದು ಸಲ ನೋಡಿ ಬಿಡುವುದಿಲ್ಲ. ಹಿಂದಕ್ಕೆ ತಿರುಗಿಸಿ, ನಿಲ್ಲಿಸಿ, ಹತ್ತಿರ ಹಿಡಿದು ನೋಡುತ್ತಾರೆ. ಊಟಿಯ ದೋಣಿಯ ಹಿಂದೆ ಒಬ್ಬಳು ಮಗುವಿಗೆ ಬೆನ್ನು ತಟ್ಟುತ್ತಿದ್ದಳಂತೆ, ಅವಳ ಸೀರೆ ಬಲು ಚೆಂದವಂತೆ. ನಾವು ಊಟಿಯಲ್ಲೇ ಇದ್ದೆವು, ನಮಗೆ ಅವಳು ಕಾಣಲೇ ಇಲ್ಲ. ಆಮೇಲೆ ಅತ್ತೆ ಜಗಲಿಯ ಮೇಲೆ ಕೂತು ಹೋಗಿ ಬರುವವರಿಗೆಲ್ಲ ಊಟಿಯ ಚಳಿಯ ವಿಷಯ ಹೇಳುತ್ತಾರೆ. ಹೇಳುವಾಗ ಸೆರಗು ಹೊದ್ದುಕೊಳ್ಳುತ್ತಾರೆ ಬೇರೆ. ಇಷ್ಟು ಆಸೆ ಇರುವ ಹೆಂಗಸಿಗೆ ನಿಜವಾದ ನೋವು ಮೊಣಕಾಲಿನಲ್ಲಿ ಹೇಗೆ ಇರುತ್ತದೆ? ಅದು ಸೀಟಿನ ನೋವು. ಹಾಗಂತ ನಾನು ತೀರ್ಮಾನಿಸಿದೆ. ಸಾಮಾನನ್ನು ಸೀಟಿನಿಂದ ಎಬ್ಬಿಸಿ ಮೇಲಕ್ಕೆ ಕಳಿಸಿದರೆ ಅತ್ತೆ ಕಾರು ಹತ್ತುತ್ತಾರೆ. ಈ ಸಲ ಕಣ್ಣೂರಿನ ಕಡಲಿಗೆ ಹೊರಡುವುದರೊಳಗೆ ಪೆಟ್ಟಿಗೆ ಬರಲೇಬೇಕು!

ಎಂಥ ಉಮೇದು ಬಂತೆಂದರೆ, ನನ್ನ ಮದುವೆಯ ಸೀರೆ ಆರಿಸುವಾಗಲೂ ನಾನು ಇಷ್ಟು ಕುಣಿದಿರಲಿಲ್ಲ. ಹಗಲು ಹೊಲಿಗೆ, ಸಂಜೆ ಮೊಬೈಲಿನಲ್ಲಿ ಪೆಟ್ಟಿಗೆ. ಚಪ್ಪಟೆ ಪೆಟ್ಟಿಗೆ, ಡುಬ್ಬ ಪೆಟ್ಟಿಗೆ, ಮೂತಿ ಚೂಪಾದದ್ದು, ಮೂತಿ ಮೊಂಡಾದದ್ದು, ಬಟ್ಟೆಯ ಚೀಲದಂಥದ್ದು, ಗಟ್ಟಿ ಪ್ಲಾಸ್ಟಿಕ್ಕಿನದು. ಮೂತಿ ಚೂಪಾಗಿದ್ದರೆ ಗಾಳಿ ಸೀಳಿಕೊಂಡು ಹೋಗುತ್ತದಂತೆ, ಮೊಂಡಾಗಿದ್ದರೆ ಗಾಳಿಯ ಜೊತೆ ಜಗಳವಾಡಿಕೊಂಡು ಹೋಗುತ್ತದಂತೆ. ಜಗಳಕ್ಕೂ ಗ್ಯಾಸು ಖರ್ಚಾಗುತ್ತದೆ. ಇದನ್ನು ನಮ್ಮವರಿಗೆ ವಿವರಿಸಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲ ಕಣೇ, ವರ್ಷಕ್ಕೆ ಒಂದೆರಡು ಸಲ ಓಗದು. ಮಿಕ್ಕ ದಿನ ಆ ಪೆಟ್ಗೇನ ಎಲ್ಲಿ ಮಡಗ್ತೀಯ?”

ಗಂಡಸರು ಇಂಥ ಪ್ರಶ್ನೆಗಳನ್ನು ಬೇಕೆಂದೇ ಉಳಿಸಿಕೊಂಡಿರುತ್ತಾರೆ.

ಆಮೇಲೆ ಗೊತ್ತಾಯಿತು, ಪೆಟ್ಟಿಗೆಯನ್ನು ಸುಮ್ಮನೆ ಕಾರಿನ ಮೇಲೆ ಇಡುವ ಹಾಗಿಲ್ಲ. ಮೊದಲು ಎರಡು ಅಡ್ಡಪಟ್ಟಿ ಬಿಗಿಯಬೇಕು, ಅದರ ಮೇಲೆ ಪೆಟ್ಟಿಗೆ. ಇದನ್ನು ಓದಿದಾಗ ನನಗೆ ಬಂದ ಖುಷಿಯನ್ನು ಹೇಗೆ ಹೇಳಲಿ! ಇದು ಸಿಂಬೆಯಲ್ಲವೇ! ನನ್ನ ತವರು ಪಿರಿಯಾಪಟ್ಟಣದ ಹಾರನಹಳ್ಳಿ. ಅಲ್ಲಿ ನಮ್ಮವ್ವ ನೀರಿನ ಬಿಂದಿಗೆ ಹೊರುವ ಮೊದಲು ಹಳೆ ಸೀರೆಯ ತುಂಡನ್ನು ತಿರುಚಿ ಸುರುಳಿ ಸುತ್ತಿ ನೆತ್ತಿಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಅದೇ ಸಿಂಬೆ. ತಲೆ ಗುಂಡು, ಬಿಂದಿಗೆಯ ತಳವೂ ಗುಂಡು. ಎರಡು ಗುಂಡುಗಳ ನಡುವೆ ರಾಜಿ ಮಾಡಿಸುವುದು ಆ ಬಟ್ಟೆಯ ಸುರುಳಿ. ಯಾವುದೋ ದೇಶದ ಎಂಜಿನಿಯರುಗಳು ಎಷ್ಟೋ ಓದಿ ಬರೆದು ಕಂಡುಹಿಡಿದದ್ದು ನಮ್ಮವ್ವನ ಸಿಂಬೆಯನ್ನೇ. ಭಾರದ ವಸ್ತು ಮೇಲೆ ಇಡಬೇಡಿ, ತಿರುವಿನಲ್ಲಿ ನಿಧಾನ ಹೋಗಿ ಎಂದು ಪೆಟ್ಟಿಗೆಯವರು ಬರೆದಿರುತ್ತಾರೆ. ನಮ್ಮವ್ವನೂ ಬಿಂದಿಗೆ ಹೊತ್ತಾಗ ಓಡುತ್ತಿರಲಿಲ್ಲ. ಯಾರಾದರೂ ಕೂಗಿದರೆ ಕತ್ತು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಪೆಟ್ಟಿಗೆ ಹೊತ್ತ ಕಾರೂ ಹಾಗೇ ತಿರುಗಬೇಕು ಎಂದು ನಮ್ಮವರಿಗೆ ಅಂಗಳದಲ್ಲಿ ನಡೆದು ತೋರಿಸಿದೆ. ಅವರು ಪೇಪರು ಎತ್ತಿ ಮುಖ ಮುಚ್ಚಿಕೊಂಡರು.

ಇನ್ನು ಅಳತೆ. ನಾನು ಇಂಚು ಟೇಪನ್ನು ಕತ್ತಿಗೆ ಹಾಕಿಕೊಂಡು ಹುಟ್ಟಿದವಳ ಹಾಗೆ ಬದುಕುವವಳು. ಅಳತೆ ಅಂದರೆ ಉದ್ದ, ಅಗಲ, ಸುತ್ತಳತೆ ಎಂದು ತಿಳಿದವಳು. ಈ ಪೆಟ್ಟಿಗೆಯವರು ಲೀಟರಿನಲ್ಲಿ ಹೇಳುತ್ತಾರಲ್ಲ! ನಾನೂರು ಲೀಟರಿನ ಪೆಟ್ಟಿಗೆ, ಐನೂರು ಲೀಟರಿನ ಪೆಟ್ಟಿಗೆ. ಕಂಬಳಿಯನ್ನು ಲೀಟರಿನಲ್ಲಿ ಅಳೆಯುವುದು ಹೇಗೆ? ನಾನು ಜೋರಾಗಿ ಓದುತ್ತಿದ್ದದ್ದು ಅತ್ತೆಯ ಕಿವಿಗೆ ಬಿತ್ತು. ನಮ್ಮ ಕಡೆ ಲೀಟರು ಅಂದರೆ ಡೈರಿಯ ಹಾಲು, ಬೇರೆ ಅರ್ಥವೇ ಇಲ್ಲ.

“ನಾನೂರ್ ಲೀಟ್ರಾ? ಅಷ್ಟ್ ಹಾಲು ಯಾರ್ ಮನೇಲಿ ಕರೀತಾರವ್ವ? ಕಾರ್ನಲ್ಲಿ ಡೈರಿಗೆ ಹಾಲು ಹಾಕಕ್ ಓಗ್ತೀರಾ?” ಎಂದರು.

“ಹಾಲಲ್ಲ ಅತ್ತೆ, ಸಾಮಾನು ಇಡೋ ಪೆಟ್ಗೆ.”

“ಸಾಮಾನು ಲೀಟ್ರಲ್ಲಿ ಯಾಕ್ ಯೋಳ್ತಾರೆ? ಎಷ್ಟ್ ಪಲ್ಲ ರಾಗಿ ಹಿಡುಸ್ತದೆ, ಅದ ಯೋಳು.”

ಪಲ್ಲ ಅಂದರೆ ನೂರು ಸೇರು. ಲೀಟರನ್ನು ಪಲ್ಲ ಮಾಡಲು ಸಿಂಚನ ಪುಸ್ತಕ ಪೆನ್ನು ತಂದಳು. ಅವಳು ಕೂಡಿ ಕಳೆದು ಮುಗಿಸುವುದರೊಳಗೆ ಅತ್ತೆ ಮೊಬೈಲಿನ ಚಿತ್ರವನ್ನೇ ನೋಡಿ, ಕಣ್ಣು ಕಿರಿದು ಮಾಡಿ, “ನಾಕು ಪಲ್ಲ ಆಯ್ತದೆ, ಒಳ್ಳೆ ವಾಡೆ” ಎಂದರು. ವಾಡೆ ಎಂದರೆ ಹಿಂದಿನ ಕಾಲದಲ್ಲಿ ಧಾನ್ಯ ತುಂಬಿಡುತ್ತಿದ್ದ ಮಣ್ಣಿನ ದೊಡ್ಡ ಗುಡಾಣ. ನಮ್ಮವರ ಪ್ರಶ್ನೆಗೆ ಕೂತಲ್ಲೇ ಉತ್ತರ ಸಿಕ್ಕಿಬಿಟ್ಟಿತು. ಮಿಕ್ಕ ದಿನ ಅದರಲ್ಲಿ ರಾಗಿ ತುಂಬಬಹುದು, ಇಲಿ ಹೋಗುವುದಿಲ್ಲ!

ನನ್ನ ಅಣ್ಣ ಮಾತ್ರ ಒಪ್ಪಲಿಲ್ಲ. ಅವನು ಹಾರನಹಳ್ಳಿಯಲ್ಲಿ ತಂಬಾಕು ಬೆಳೆಯುತ್ತಾನೆ. ತಂಬಾಕಿನ ಬೇಲು ಕಟ್ಟಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು ಮಾರ್ಕೆಟ್ಟಿಗೆ ಸಾಗಿಸುವುದರಲ್ಲಿ ಅವನ ಕೈ ಪಳಗಿದೆ. ಲೋಕದ ಎಲ್ಲ ತೊಂದರೆಗೂ ಹಗ್ಗ ಮತ್ತು ಟಾರ್ಪಾಲು ಸಾಕು ಎಂಬುದು ಅವನ ಸಿದ್ಧಾಂತ. ಒಂದು ಭಾನುವಾರ ಬಂದವನಿಗೆ ನಾನು ಕಪ್ಪು ಪೆಟ್ಟಿಗೆಯ ಚಿತ್ರ ತೋರಿಸಿದೆ.

“ಇದೇನವ್ವ ಹೆಣದ್ ಪೆಟ್ಗೆ ಇದ್ದಂಗದೆ! ಇದ ಹೊತ್ಕಂಡು ಊರೂರು ಸುತ್ತುದ್ರೆ ಜನ ಟೋಪಿ ತೆಗ್ದು ನಿಂತ್ಕತಾರೆ ಅಷ್ಟೆಯ. ನಂಗೆ ಯೋಳು, ಮ್ಯಾಲೆ ಟಾರ್ಪಾಲ್ ಹಾಕಿ ಕಟ್ಕೊಡ್ತೀನಿ, ಕಾರು ಮಗುಚ್ಕಂಡ್ರೂ ಸಾಮಾನು ಅಲ್ಲಾಡಲ್ಲ.”

ಕಾರು ಮಗುಚಿದ ಮೇಲೆ ಸಾಮಾನು ಅಲ್ಲಾಡದಿದ್ದರೆ ನಮಗೇನು ಲಾಭ ಎಂದು ನಾನು ಕೇಳಲಿಲ್ಲ. ಆದರೆ ಅವನ ಮಾತು ತಲೆಗೆ ಹೊಕ್ಕಿತು. ಕಪ್ಪು ಬೇಡ. ಬಿಳಿಯದು ನೋಡಿದೆ, ಆಸ್ಪತ್ರೆಯ ಗಾಡಿಯ ನೆನಪು ಬಂತು. ಬಣ್ಣ ಆರಿಸುವುದರಲ್ಲಿ ನನಗೆ ಇಷ್ಟು ಕಷ್ಟ ಯಾವತ್ತೂ ಆಗಿರಲಿಲ್ಲ. ಗಿರಾಕಿಗಳಿಗೆ ಬ್ಲೌಸಿನ ಬಣ್ಣವನ್ನು ಸಟ್ಟನೆ ಹೇಳುವವಳು ನಾನು. ಕೊನೆಗೆ ಬೂದು ಬಣ್ಣಕ್ಕೆ ಬಂದು ನಿಂತೆ. ಮೋಡದ ದಿನ ಆಕಾಶಕ್ಕೆ ಮ್ಯಾಚಿಂಗ್ ಆಗುತ್ತದೆ.

ಮೈಸೂರಿನ ಕಾರು ಸಾಮಾನಿನ ಅಂಗಡಿಗೆ ಹೊರಟ ದಿನ ನಾನು ಮನೆಯಿಂದ ಮುದ್ದೆ ಕೋಲನ್ನೂ ತೆಗೆದುಕೊಂಡು ಹೋದೆ. ನಮ್ಮವರು ಬೇಡವೆಂದು ಬಾಯಿ ಬಡಿದುಕೊಂಡರು. ಆದರೆ ಯಾವುದಕ್ಕಾಗಿ ಹೊಲಿಯುತ್ತೇವೋ ಆ ಮೈ ಎದುರಿಗಿರಬೇಕು, ಅದು ನನ್ನ ಕಸುಬಿನ ಮೊದಲ ಪಾಠ. ನಮ್ಮ ಲಗೇಜಿನಲ್ಲಿ ಮಡಚಲಾಗದ, ಬಗ್ಗಿಸಲಾಗದ ಮಹಾನುಭಾವ ಅದೊಂದೇ. ಅದು ಹಿಡಿಸಿದರೆ ಎಲ್ಲವೂ ಹಿಡಿಸಿತು. ಗಾಜಿನ ಬಾಗಿಲು ತಳ್ಳಿಕೊಂಡು ಕೋಲು ಹಿಡಿದ ಹೆಂಗಸು ಬರುವುದನ್ನು ಕಂಡು ಅಂಗಡಿಯವನು ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಹಿಂದೆ ಸರಿದ. ಹಿಂದೆಯೇ ಬಂದ ನಮ್ಮವರು ಆ ಹೆಂಗಸನ್ನು ತಮಗೆ ಪರಿಚಯವಿಲ್ಲದವರ ಹಾಗೆ ಸೀಟ್ ಕವರು ನೋಡತೊಡಗಿದರು.

“ಏನ್ ಬೇಕಿತ್ತು ಮೇಡಂ?” ಅಂಗಡಿಯವನ ಕಣ್ಣು ಕೋಲಿನ ಮೇಲೇ ಇತ್ತು.

“ಇದು ಅಡ್ಡ ಮಲಗೋ ಅಂಥ ಪೆಟ್ಗೆ ತೋರ್ಸಿ.”

ಪಾಪ, ಒಳ್ಳೆಯ ಮನುಷ್ಯ. ನಕ್ಕ, ಆದರೆ ತೋರಿಸಿದ. ನಾನು ಟೇಪು ತೆಗೆದು ಒಂದೊಂದನ್ನೂ ಅಳೆದೆ. ಹೊರಗಿನ ಅಳತೆ ಬೇರೆ, ಒಳಗಿನ ಅಳತೆ ಬೇರೆ. ಹೊಲಿಗೆಗೆ ಬಟ್ಟೆ ಬಿಡುವ ಹಾಗೆ ಇಲ್ಲೂ ಗೋಡೆಗೆ ಸ್ವಲ್ಪ ಹೋಗುತ್ತದೆ. ಚಿಕ್ಕದರಲ್ಲಿ ಕೋಲು ಹಿಡಿಸಲಿಲ್ಲ. ದೊಡ್ಡದರಲ್ಲಿ ಹಿಡಿಸಿತು, ಆದರೆ ಅದನ್ನು ಕೂರಿಸಿದರೆ ನಮ್ಮ ಡಿಕ್ಕಿಯ ಬಾಗಿಲು ಮೇಲೇಳುವಾಗ ಪೆಟ್ಟಿಗೆಗೆ ಢೀ ಕೊಡುತ್ತಿತ್ತು. ಇದು ನಾನು ಎಣಿಸದ ಸಂಗತಿ! ಕೊಂಡು ತಂದ ಮೇಲೆ ಗೊತ್ತಾಗಿದ್ದರೆ ಏನು ಗತಿ! ಕೊನೆಗೆ ಮಧ್ಯಮ ಗಾತ್ರದ ಬೂದು ಪೆಟ್ಟಿಗೆಯೊಂದು ಸಿಕ್ಕಿತು. ಎರಡೂ ಪಕ್ಕಕ್ಕೆ ತೆರೆಯುವ ಮುಚ್ಚಳ, ಒಳಗೆ ಬಿಗಿಯಲು ಪಟ್ಟಿ, ಬೀಗ ಹಾಕದೆ ಕೀಲಿ ಹೊರಗೆ ಬರುವುದೇ ಇಲ್ಲ. ಕೋಲನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿಸಿದೆ. ಮಲಗಿತು! ಸಂತೋಷಕ್ಕೆ ಕೈ ಚಪ್ಪಾಳೆ ತಟ್ಟಿಬಿಟ್ಟೆ. ದೂರದಲ್ಲಿ ಸೀಟ್ ಕವರು ನೋಡುತ್ತಿದ್ದವರು ಆಗ ಹತ್ತಿರ ಬಂದು ಹೆಂಡತಿಯನ್ನು ಗುರುತಿಸಿದರು.

ಪೆಟ್ಟಿಗೆ ಹೊತ್ತು ನಮ್ಮ ಕಾರು ಬೀದಿಗೆ ಬಂದಾಗ ನೋಡಬೇಕಿತ್ತು. ಅಕ್ಕಪಕ್ಕದವರೆಲ್ಲ ಅಂಗಳಕ್ಕೆ ಬಂದರು. ಒಬ್ಬರು ನೀರಿನ ಟ್ಯಾಂಕು ಎಂದರು, ಇನ್ನೊಬ್ಬರು ಸೋಲಾರ್ ಎಂದರು. ಅತ್ತೆ ಸೀದಾ ಅಡುಗೆಮನೆಗೆ ಹೋಗಿ ಅರಿಶಿನ ಕುಂಕುಮ ತಂದು ಪೆಟ್ಟಿಗೆಯ ಮೂತಿಗೆ ಇಡಲು ನೋಡಿದರು. ಕೈಗೆಟಕಲಿಲ್ಲ. ಜಗಲಿಯ ಮೇಲೆ ಹತ್ತಿ ನಿಂತು, ಒಂದು ಕೈ ಕಾರಿಗೆ ಊರಿ, ಇನ್ನೊಂದು ಕೈಯಿಂದ ಮೂರು ಬೊಟ್ಟು ಇಟ್ಟರು. ಆಗ ಅವರ ಮಂಡಿ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂಬುದನ್ನು ನಾನು ಗಮನಿಸಿದೆ. ಆಮೇಲೆ ಮುಚ್ಚಳ ಎತ್ತಿಸಿ ಒಳಗೆ ಇಣುಕಿ ನೋಡಿ ಒಂದೇ ಒಂದು ಕಟ್ಟಳೆ ಹಾಕಿದರು.

“ಬಟ್ಟೆ ಬರೆ, ಹಿಟ್ಟು, ಪಾತ್ರೆ, ಏನಾರ ಮಡಿಕ್ಕಳಿ. ಎಕ್ಕಡ ಮಾತ್ರ ಮ್ಯಾಲೆ ಮಡಗ್ಬ್ಯಾಡಿ. ಮುಂದ್ಗಡೆ ದ್ಯಾವ್ರು ಕೂರ್ಸಿದ್ದೀರಿ, ಅವನ ತಲೆ ಮ್ಯಾಲೆ ಎಕ್ಕಡವಾ? ನಿಮ್ ತಲೆ ಮ್ಯಾಲೂ ಆಯ್ತದಲ್ಲ!”

ನಿಜವೇ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮನೆದೇವರ ಪುಟ್ಟ ಮೂರ್ತಿ ಇದೆ. ಪೆಟ್ಟಿಗೆ ಮಾಡುವ ಯಾವ ಕಂಪನಿಯೂ ಈ ಸೂಚನೆಯನ್ನು ಬರೆದಿರಲಾರದು. ಚಪ್ಪಲಿಗಳನ್ನು ಹೇಗೋ ಸಿಲಿಂಡರಿನ ಪಕ್ಕಕ್ಕೆ ತುರುಕುವುದೆಂದಾಯಿತು. ನನಗೆ ಒಳಗೊಳಗೇ ಹಿಗ್ಗು. ತಲೆ ಮೇಲೆ ಏನಿರಬೇಕೆಂದು ಇಷ್ಟು ಯೋಚಿಸುವವರು ಅದರ ಕೆಳಗೆ ತಾವೂ ಕೂರಲು ಮನಸ್ಸು ಮಾಡಿದ್ದಾರೆ ಎಂದುಕೊಂಡೆ. ಗೆದ್ದೆ!

ಹೊರಡುವ ಬೆಳಿಗ್ಗೆ ಬಂತು. ಎಮ್ಮೆ ಹಸು ನೋಡಿಕೊಳ್ಳಲು ಅಣ್ಣ ಹಿಂದಿನ ದಿನವೇ ಬಂದಿದ್ದ. ದನದ ನೆಪವೂ ಇರಬಾರದೆಂದು ನಾನೇ ಮಾಡಿದ ಏರ್ಪಾಡು. ಪೆಟ್ಟಿಗೆಗೆ ಎಲ್ಲ ಹೋಯಿತು. ಕಂಬಳಿ ಹೋಯಿತು, ಪಾತ್ರೆ ಹೋಯಿತು, ಒಲೆ ಹೋಯಿತು, ಸಿಂಚನಳ ಮೇಕಪ್ ಚೀಲ ಹೋಯಿತು, ಕೋಲು ಓರೆಯಾಗಿ ಮಲಗಿತು. ಟಕ್ ಎಂದು ಬೀಗ ಬಿತ್ತು. ಅಣ್ಣ ಸುಮ್ಮನಿರಲಾರದೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, “ಪರ್ವಾಗಿಲ್ಲ” ಎಂದ. ಅವನ ಬಾಯಲ್ಲಿ ಅದು ದೊಡ್ಡ ಬಿರುದು. ಹಿಂದಿನ ಸೀಟಿನ ಕಿಟಕಿಯ ಪಕ್ಕದ ಜಾಗ ಖಾಲಿಯಾಗಿ ಹೊಳೆಯುತ್ತಿತ್ತು. ನಾನು ಅದರ ಮೇಲೆ ಒಂದು ಮೆತ್ತನೆಯ ದಿಂಬನ್ನೂ ಇಟ್ಟಿದ್ದೆ.

ನಮ್ಮವರು ಸ್ಟೇರಿಂಗ್ ಹಿಡಿದು ಕೂತು, ಗಾಜು ಇಳಿಸಿ, ಪ್ರತಿ ಸಲದಂತೆ ಕೂಗಿದರು:

“ಅವ್ವಾ, ಬತ್ತೀಯೇನವ್ವ?”

ಅತ್ತೆ ಜಗಲಿಯ ಮೇಲೆ ಕೂತು ಮೊರದಲ್ಲಿ ಸೊಪ್ಪು ಸೋಸುತ್ತಿದ್ದರು. ತಲೆ ಎತ್ತಲಿಲ್ಲ. ಎಡಗೈ ಮೊಣಕಾಲಿನ ಮೇಲೆ ಹೋಯಿತು.

“ಇಲ್ಲ ಕಣ್ ಮಗ. ಮಂಡಿ ಯಾಕೋ ಎತ್ಕಂಡದೆ. ನೀವ್ ಓಗ್ಬನ್ನಿ.”

ಸೀಟಿದೆ, ದಿಂಬಿದೆ, ದನ ನೋಡಲು ಜನವಿದೆ, ದೇವರ ತಲೆಯ ಮೇಲೆ ಚಪ್ಪಲಿಯಿಲ್ಲ. ಇನ್ನೇನು ಬಾಕಿ? ಇಷ್ಟು ದಿನದ ನನ್ನ ಕುಣಿತವೆಲ್ಲ ಆ ಮೊರದೊಳಗಿನ ಕಸಕ್ಕೆ ಸಮವಾಯಿತಲ್ಲ! ಅಳು ಬಂತು, ಅಳುವುದರ ಬದಲು ರೇಗಿದೆ.

“ಅತ್ತೆ, ಎಂಥ ಮಂಡಿ ನಿಮ್ದು! ಈ ಪೆಟ್ಗೆ ತಂದಿದ್ದೇ ನಿಮ್ಗೋಸ್ಕರ ಅಲ್ವಾ?”

ಅತ್ತೆಯ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. “ನಂಗೋಸ್ಕರವಾ? ನಂಗ್ಯಾರವ್ವ ಯೋಳುದ್ರು?”

ನಾನು ನಮ್ಮವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಹುಣಸೂರಿನಲ್ಲಿ ನನ್ನ ಹತ್ತಿರ ಬ್ಲೌಸು ಹೊಲಿಸುವ ಹೆಂಗಸರಿಗೆಲ್ಲ ಹೇಳಿದ್ದೆ. ಅಣ್ಣನಿಗೆ ಹೇಳಿದ್ದೆ, ಮೈಸೂರಿನ ಅಂಗಡಿಯವನಿಗೂ ಹೇಳಿದ್ದೆ. ಅತ್ತೆಗೆ ಮಾತ್ರ ಯಾರೂ ಹೇಳಿರಲಿಲ್ಲ.

“ಆದ್ರೂ ಇವ್ರು ಪ್ರತಿ ಸಲ ಕರೀತಾನೇ ಅವ್ರಲ್ಲ ಅತ್ತೆ. ನೀವೇ ಒಲ್ಲೆ ಅಂತೀರ.”

“ಎಲ್ಲವ್ವ ಕರುದ್ದ? ಕೇಳ್ತಾನೆ ಅವ್ನು. ಬತ್ತೀಯಾ ಅಂತ ಕೇಳ್ತಾನೆ.” ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಮಗುವಿಗೆ ತಿಳಿಸಿ ಹೇಳುವ ಹಾಗಿತ್ತು. “ಕೇಳೋದೇ ಬ್ಯಾರೆ, ಕರಿಯೋದೇ ಬ್ಯಾರೆ. ಉಣ್ಣೋ ಹೊತ್ಗೆ ಮನೆಗೆ ಬಂದೋರ್ನ ಉಣ್ತೀರಾ ಅಂತ ಕೇಳು ನೋಡವ. ಯಾರಾರ ಊ ಅಂತಾರಾ? ಈಗ್ತಾನೆ ಆಯ್ತು ಕಣವ್ವ ಅಂತಾರೆ, ಹೊಟ್ಟೆ ಹಸ್ದಿದ್ರೂವೆ. ಎಲೆ ಹಾಕ್ಬೇಕು. ಏಳಿ, ಕೈ ತೊಳ್ಕಳಿ ಅನ್ಬೇಕು.”

ಇದು ನನಗೆ ಗೊತ್ತಿಲ್ಲದ್ದೇ? ನನ್ನ ಅಂಗಡಿಗೆ ಬಂದವರಿಗೆ ‘ಕಾಫಿ ಕುಡೀತೀರಾ’ ಎಂದರೆ ಒಬ್ಬರೂ ಹೂಂ ಎನ್ನುವುದಿಲ್ಲ. ಕೇಳದೆ ತರಿಸಿ ಕೈಗೆ ಕೊಟ್ಟರೆ, ‘ಅಯ್ಯೋ ಯಾಕೆ ತರಿಸೋಕೆ ಹೋದ್ರಿ’ ಎನ್ನುತ್ತ ತಳದವರೆಗೂ ಕುಡಿಯುತ್ತಾರೆ. ನಮ್ಮ ಮಾತಿನಲ್ಲಿ ‘ಬರ್ತೀರಾ’ ಎಂಬ ಪದದ ಬಾಲದಲ್ಲೇ ‘ಬರದಿದ್ದರೂ ಸರಿ’ ಎಂಬುದು ಅಂಟಿಕೊಂಡಿರುತ್ತದೆ. ಮಾನವಿರುವ ಯಾರೂ ಅದಕ್ಕೆ ಹೂಂ ಎನ್ನುವುದಿಲ್ಲ. ಅದೂ ಸಾಮಾನು ತುಂಬಿ, ಗಾಡಿ ಸ್ಟಾರ್ಟ್ ಮಾಡಿ, ಗಾಜಿನೊಳಗಿಂದ ಕೂಗಿದರೆ? ನಾನಾಗಿದ್ದರೆ ನನಗೆ ಎರಡೂ ಮಂಡಿ ನೋಯುತ್ತಿತ್ತು.

ಜಗಲಿ ಹತ್ತಿ ಹೋಗಿ ಅತ್ತೆಯ ಮಡಿಲಿನಿಂದ ಮೊರ ಎತ್ತಿ ಅಣ್ಣನ ಕೈಗೆ ಕೊಟ್ಟೆ. ಅವನು ಪೆಚ್ಚಾಗಿ ಸೊಪ್ಪು ಹಿಡಿದು ನಿಂತ. ಅತ್ತೆಯ ಎರಡೂ ಕೈ ಹಿಡಿದುಕೊಂಡೆ.

“ಏಳಿ ಅತ್ತೆ, ಹೊರಡಿ. ನೀವು ಹತ್ತದೆ ಈ ಕಾರು ಅಂಗಳ ದಾಟಲ್ಲ.”

ಅಷ್ಟರಲ್ಲಿ ನಮ್ಮವರೂ ಎಂಜಿನ್ ನಿಲ್ಲಿಸಿ ಇಳಿದು ಬಂದಿದ್ದರು. ಗೊಬ್ಬರದ ಅಂಗಡಿಯಲ್ಲಿ ಅಷ್ಟು ಮಾತಾಡುವ ಮನುಷ್ಯ ತಾಯಿಯ ಮುಂದೆ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತು, “ನಡಿಯವ್ವ” ಎಂದರು. ಅಷ್ಟೇ.

ಅತ್ತೆ ಎದ್ದರು. ಕಾರಿನೊಳಗಿಂದ ಚಿರು ತಲೆ ಹೊರಗೆ ಹಾಕಿ, “ಅಜ್ಜೀ, ಮಂಡಿ?” ಎಂದ.

“ಅದ್ನೂ ಕರ್ಕಂಡೇ ಬತ್ತೀನಿ ಬುಡ್ಲಾ,” ಎಂದವರೇ ಒಳಗೆ ಹೋದರು. ಹೋದ ಹಾಗೇ ಬಂದರು. ಮೈಮೇಲೆ ಹೊಸ ಸೀರೆ, ತಲೆ ಬಾಚಿ ಆಗಿತ್ತು, ಕೈಯಲ್ಲೊಂದು ಬಟ್ಟೆಯ ಚೀಲ. ಇಷ್ಟು ಬೇಗ ಯಾರಿಂದ ಸಾಧ್ಯ ಎಂದು ನಾನು ಕೇಳಲಿಲ್ಲ, ನೀವೂ ಕೇಳಬೇಡಿ. ಚೀಲವನ್ನು ಪೆಟ್ಟಿಗೆಗೆ ಹಾಕಲು ನಾನು ಕೈ ಚಾಚಿದರೆ ಕೊಡಲಿಲ್ಲ. ದಿಂಬಿಟ್ಟ ಹಿಂದಿನ ಸೀಟನ್ನು ಒಮ್ಮೆ ನೋಡಿ, “ಅಲ್ ಕುಂತ್ರೆ ಏನ್ ಕಾಣ್ತದೆ?” ಎಂದು ಹೇಳಿ ಮುಂದಿನ ಬಾಗಿಲು ತೆಗೆದು ಮಗನ ಪಕ್ಕ ಕೂತರು. ಅದು ನನ್ನ ಸೀಟು. ನಾನು ಹಿಂದೆ ಹೋಗಿ ದಿಂಬಿನ ಮೇಲೆ ಕೂತೆ. ಎಂಥ ಮೆತ್ತಗಿತ್ತು!

ಊರು ದಾಟಿ ಕಾರು ನಾಗರಹೊಳೆಯ ದಾರಿ ಹಿಡಿಯಿತು. ಅತ್ತೆಯ ಬಾಯಿ ಒಂದು ಕ್ಷಣ ಸುಮ್ಮನಿರಲಿಲ್ಲ. ಯಾರ ಹೊಲದಲ್ಲಿ ತಂಬಾಕು ಸೊಂಪಾಗಿದೆ, ಯಾರ ಮುಸುಕಿನ ಜೋಳಕ್ಕೆ ಹುಳ ಬಿದ್ದಿದೆ, ಯಾರ ಹೊಸ ಮನೆಗೆ ಬಣ್ಣ ಒಪ್ಪಿಲ್ಲ, ಎಲ್ಲ ಹೇಳುತ್ತಿದ್ದರು. ಇದೇ ರಸ್ತೆಯಲ್ಲಿ ನಾವು ಎಷ್ಟು ಸಲ ಹೋಗಿದ್ದೇವೆ, ನಮಗೆ ಬರೀ ರಸ್ತೆ ಕಂಡಿತ್ತು. ನೆತ್ತಿಯ ಮೇಲೆ ಪೆಟ್ಟಿಗೆ ಒಂದು ಸದ್ದೂ ಮಾಡದೆ ಕೂತಿತ್ತು. ತಿರುವು ಬಂದಾಗಲೆಲ್ಲ ನಮ್ಮವರು ನಿಧಾನ ಮಾಡಿ, ನೀರು ಹೊತ್ತ ಹೆಂಗಸಿನ ಹಾಗೆ ಇಡೀ ಕಾರನ್ನು ಗಂಭೀರವಾಗಿ ತಿರುಗಿಸುತ್ತಿದ್ದರು. ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು ಕೂಡ.

ವೀರನಹೊಸಹಳ್ಳಿಯ ಹತ್ತಿರ ಕಾಡಿನ ಗೇಟು. ಗಾರ್ಡು ಕೈ ಅಡ್ಡ ಹಿಡಿದ. ಕಾರಿನ ಸುತ್ತ ಒಂದು ಸುತ್ತು ಬಂದು, ಕುಂಕುಮ ಹಚ್ಚಿಕೊಂಡ ಆ ಬೂದು ವಸ್ತುವನ್ನು ಕತ್ತೆತ್ತಿ ನೋಡಿ, “ಏನ್ ಸಾರ್ ಅದು ಮೇಲೆ? ಏನಿದೆ ಒಳಗೆ?” ಎಂದು ಕೇಳಿದ.

ನಮ್ಮವರು ಬಾಯಿ ತೆರೆಯುವ ಮೊದಲೇ ಅತ್ತೆ ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಆ ಕಾರು ತಮ್ಮದೇ ಎಂಬ ಗತ್ತಿನಲ್ಲಿ ಹೇಳಿದರು:

“ಮ್ಯಾಲೆ ಬರೀ ಸಾಮಾನು ಕಣಪ್ಪ. ಜನ ಎಲ್ಲಾ ಒಳಗೇ ಅವ್ರೆ.”